ಒಂದೇ ಗಡ್ಡೆಯನ್ನು ನಂಬಿದ ದೇಶ: ಐರ್ಲೆಂಡಿನ ಹಸಿವಿನ ಲೆಕ್ಕ

ಇವತ್ತಿನ ಸಂಚಿಕೆ ಒಂದು ತರಕಾರಿಯ ಬಗ್ಗೆ. ಆದರೆ ಶುರು ಮಾಡೋದು ಒಂದು ವಾಸನೆಯಿಂದ.

ಕೊಳೆತ ಆಲೂಗಡ್ಡೆ ವಾಸನೆ ಗೊತ್ತಲ್ವಾ? ಚೀಲದ ತಳದಲ್ಲಿ ಒಂದೇ ಒಂದು ಕೊಳೆತಿದ್ದರೂ ಇಡೀ ಅಡುಗೆಮನೆ ನಾರುತ್ತೆ. ಈಗ ಒಂದು ಎಕರೆ ಕೊಳೆತರೆ ಹೇಗಿರುತ್ತೆ ಅಂತ ಊಹಿಸಿ. ನನಗೆ ಊಹೆ ಬೇಕಾಗಿಲ್ಲ. ಹೈಸ್ಕೂಲಿನಲ್ಲಿದ್ದಾಗ, ಹಾಸನದ ಹತ್ತಿರದ ನಮ್ಮೂರಲ್ಲಿ, ದೊಡ್ಡಪ್ಪನ ಹೊಲದ ಬದುವಿನ ಮೇಲೆ ನಿಂತು ಆ ವಾಸನೆ ಕುಡಿದಿದ್ದೀನಿ. ಆಷಾಢದ ಜಿಟಿಜಿಟಿ ಮಳೆ. ನಾಲ್ಕೈದು ದಿನ ಬಿಸಿಲೇ ಇಲ್ಲ. ಮೊದಲು ಎಲೆಯ ಅಂಚಲ್ಲಿ ನೀರು ಮೆತ್ತಿದಂಥ ಕಂದು ಮಚ್ಚೆ. ಒಂದು ವಾರ ಕಳೆಯೋದರೊಳಗೆ ಹೊಲಕ್ಕೆಲ್ಲ ಕುದಿಯುವ ನೀರು ಎರಚಿದ ಹಾಗೆ ಗಿಡ ಕಪ್ಪಾಗಿ ಬಿದ್ದಿತ್ತು. "ಅಂಗಮಾರಿ ಕಣವ್ವ" ಅಂದರು ದೊಡ್ಡಪ್ಪ. ಬೇರೆ ಮಾತಿಲ್ಲ. ಬಿತ್ತನೆ ಗಡ್ಡೆಗೆ ಮಾಡಿದ ಸಾಲ, ಗೊಬ್ಬರದ ಅಂಗಡಿ ಲೆಕ್ಕ, ಎಲ್ಲ ಆ ಒಂದು ಪದದಲ್ಲಿತ್ತು.

ಆ ವರ್ಷ ನಮ್ಮ ಮನೆಯಲ್ಲಿ ದುಡ್ಡಿಗೆ ತೊಂದರೆಯಾಯ್ತು. ಆದರೆ ಊಟಕ್ಕೆ ತೊಂದರೆ ಆಗಲಿಲ್ಲ. ರಾಗಿ ಇತ್ತು, ಅವರೆ ಇತ್ತು, ಹಸು ಇತ್ತು, ರೇಷನ್ ಅಂಗಡಿ ಇತ್ತು. ಅದು ದೊಡ್ಡ ವಿಷಯ ಅಂತ ಆಗ ನನಗೆ ಅನಿಸಿರಲಿಲ್ಲ. ಬಿ.ಕಾಂ. ಮುಗಿದ ಮೇಲೆ ಯಾವತ್ತೋ ಐರ್ಲೆಂಡಿನ ಬರಗಾಲದ ಬಗ್ಗೆ ಓದುವಾಗ ಅನಿಸಿತು. ಯಾಕಂದ್ರೆ ಅಲ್ಲಿಗೆ 1845ರಲ್ಲಿ ಬಂದದ್ದೂ ಇದೇ ಅಂಗಮಾರಿ, ಇದೇ ರೋಗಾಣು. ಅಲ್ಲಿ ಸತ್ತದ್ದು ಸುಮಾರು 10 ಲಕ್ಷ ಜನ.

ಒಂದು ತರಕಾರಿ ಹಾಳಾದರೆ 10 ಲಕ್ಷ ಜನ ಸಾಯೋದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಮೊದಲು ಆಲೂಗಡ್ಡೆಯ ತವರಿಗೆ ಹೋಗಬೇಕು.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಈಗಿನ ಪೆರು ಮತ್ತು ಬೊಲಿವಿಯಾ ದೇಶಗಳ ನಡುವೆ ಟಿಟಿಕಾಕಾ ಅನ್ನೋ ಸರೋವರ ಇದೆ, ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದಲ್ಲಿ. ಆ ಸುತ್ತಿನ ಜನ ಸಾವಿರಾರು ವರ್ಷಗಳ ಹಿಂದೆ ಕಾಡು ಗಡ್ಡೆಗಳನ್ನು ಪಳಗಿಸಿದರು. ಕಾಡು ಆಲೂಗಡ್ಡೆ ಕಹಿ, ವಿಷ ಕೂಡ. ನಿಮ್ಮ ಮನೆಯ ಆಲೂಗಡ್ಡೆ ಬೆಳಕಿಗೆ ಬಿದ್ದು ಹಸಿರಾದರೆ ಅಮ್ಮ ಆ ಭಾಗ ಕತ್ತರಿಸಿ ಬಿಸಾಕ್ತಾರಲ್ಲ, ಅದೇ ಹಳೇ ವಿಷದ ನೆನಪು. ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಅನ್ನೋ ಕಹಿ ವಸ್ತು ಹೆಚ್ಚಾಗುತ್ತೆ.

ಆಂಡಿಸ್‌ನ ರೈತರು ಎರಡು ಜಾಣತನದ ಕೆಲಸ ಮಾಡಿದರು. ಮೊದಲನೆಯದು, ಒಂದೇ ತಳಿಯನ್ನು ನಂಬಲಿಲ್ಲ. ಬೆಟ್ಟದ ಒಂದೊಂದು ಎತ್ತರಕ್ಕೆ ಒಂದೊಂದು ಬಗೆ. ಕೆಂಪು, ನೇರಳೆ, ಹಳದಿ, ಶುಂಠಿಯಂಥ ಗಂಟುಗಂಟಿನವು, ಹಿಮ ತಡೆಯೋ ಕಹಿ ಗಡ್ಡೆ. ಒಂದೇ ಹೊಲದಲ್ಲಿ ಹಲವು ತಳಿ ಬೆರೆಸಿ ನೆಡುತ್ತಿದ್ದರು, ಇವತ್ತಿಗೂ ನೆಡುವವರಿದ್ದಾರೆ. ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇದೆ. ಅದರ ಲೆಕ್ಕದಲ್ಲಿ ಆಂಡಿಸ್‌ನ ನಾಟಿ ತಳಿಗಳೇ 4,000ಕ್ಕಿಂತ ಹೆಚ್ಚು.

ಎರಡನೆಯದು, ಗಡ್ಡೆಯನ್ನು ಕೂಡಿಡೋ ವಿದ್ಯೆ. ಅಲ್ಲಿ ರಾತ್ರಿ ಕೊರೆಯೋ ಹಿಮ, ಹಗಲು ಚುರುಗುಟ್ಟೋ ಬಿಸಿಲು. ಗಡ್ಡೆಗಳನ್ನು ಬಯಲಲ್ಲಿ ಹರಡಿ ರಾತ್ರಿ ಹೆಪ್ಪುಗಟ್ಟಲು ಬಿಡುತ್ತಾರೆ. ಹಗಲು ಕರಗಿದಾಗ ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಆಮೇಲೆ ಒಣಗಿಸುತ್ತಾರೆ. ಹೀಗೆ ಕೆಲವು ದಿನ ಮಾಡಿದರೆ ಗಡ್ಡೆ ಕಲ್ಲಿನ ಹಾಗೆ ಹಗುರವಾಗಿ ಒಣಗಿ ನಿಲ್ಲುತ್ತೆ. ಅದರ ಹೆಸರು ಚುನ್ಯೊ. ವರ್ಷಗಟ್ಟಲೆ ಕೆಡಲ್ಲ. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಸಂಡಿಗೆ, ಬಾಳಕ ಮಾಡಿ ಡಬ್ಬಿ ತುಂಬೋ ಬುದ್ಧಿಯೇ ಇದು. ಇಂಕಾ ಸಾಮ್ರಾಜ್ಯದ ಉಗ್ರಾಣಗಳಲ್ಲಿ ಚುನ್ಯೊ ತುಂಬಿರುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಅದೇ ಅನ್ನ.

16ನೇ ಶತಮಾನದಲ್ಲಿ ಸ್ಪೇನ್‌ನವರು ಬಂದರು. ಇಂಕಾ ಸಾಮ್ರಾಜ್ಯ ಮುರಿದರು, ಬೆಳ್ಳಿ ಗಣಿ ತೋಡಿದರು, ಗಣಿ ಕೂಲಿಗಳಿಗೆ ಚುನ್ಯೊ ತಿನ್ನಿಸಿದರು. ವಾಪಸ್ ಹೋಗೋ ಹಡಗುಗಳಲ್ಲಿ ಒಂದಿಷ್ಟು ಆಲೂಗಡ್ಡೆಯೂ ಯುರೋಪ್ ಸೇರಿತು. ಆ 'ಒಂದಿಷ್ಟು' ಅನ್ನೋ ಪದ ನೆನಪಿಟ್ಟುಕೊಳ್ಳಿ. ಸಾವಿರಾರು ತಳಿಗಳಲ್ಲಿ ಬೆರಳೆಣಿಕೆಯವು ಮಾತ್ರ ಸಮುದ್ರ ದಾಟಿದವು. ಚುನ್ಯೊ ಮಾಡೋ ವಿದ್ಯೆ ದಾಟಲೇ ಇಲ್ಲ. ಆ ಹಿಮ, ಆ ಒಣ ಬಿಸಿಲು ಐರ್ಲೆಂಡಿನಂಥ ತೇವದ ನೆಲದಲ್ಲಿ ಎಲ್ಲಿಂದ ಬರಬೇಕು?

ಯುರೋಪಿನವರು ಇದನ್ನು ಬಾಯ್ತುಂಬ ಸ್ವಾಗತಿಸಲಿಲ್ಲ. ನೆಲದೊಳಗೆ ಬೆಳೆಯೋದು, ವಿಷದ ಗಿಡಗಳ ಜಾತಿಗೆ ಸೇರಿದ್ದು, ತಿಂದರೆ ಕುಷ್ಠ ಬರುತ್ತೆ ಅಂತ ಹೆದರಿದವರಿದ್ದರು. ಪ್ರಷ್ಯಾದ ದೊರೆ ಫ್ರೆಡರಿಕ್ 1756ರಲ್ಲಿ ಆಲೂಗಡ್ಡೆ ಬೆಳೆಯಿರಿ ಅಂತ ಆಜ್ಞೆಯನ್ನೇ ಹೊರಡಿಸಬೇಕಾಯಿತು. ಫ್ರಾನ್ಸಿನ ಔಷಧತಜ್ಞ ಪಾರ್ಮಾಂಟಿಯೆ ಯುದ್ಧಕೈದಿಯಾಗಿ ಪ್ರಷ್ಯಾದಲ್ಲಿದ್ದಾಗ ಆಲೂಗಡ್ಡೆ ತಿಂದು ಬದುಕಿದವರು. ಊರಿಗೆ ಮರಳಿ ಜೀವನಪೂರ್ತಿ ಅದರ ಪ್ರಚಾರ ಮಾಡಿದರು. ಇಂಥವರಿಗೆಲ್ಲ ಆಲೂಗಡ್ಡೆ ಹಸಿವಿಗೆ ಮದ್ದು. ಗೋಧಿ ಹೋದರೆ ಇದಿರಲಿ ಅನ್ನೋ ಎರಡನೇ ಆಸರೆ.

ಐರ್ಲೆಂಡಿನ ಬಡವರಿಗೆ ಮಾತ್ರ ಅದು ಒಂದೇ ಆಸರೆ ಆಯಿತು. ಯಾಕೆ ಅಂತ ಕೇಳಿದರೆ ಉತ್ತರ ಅಡುಗೆಮನೆಯಲ್ಲಿ ಇಲ್ಲ, ಜಮೀನಿನ ಪತ್ರದಲ್ಲಿದೆ.

1801ರಿಂದ ಐರ್ಲೆಂಡ್ ಬ್ರಿಟನ್ನಿನ ಭಾಗ, ಆಡಳಿತ ಲಂಡನ್ನಿನಿಂದ. ಭೂಮಿ ಬಹುಪಾಲು ದೊಡ್ಡ ಜಮೀನ್ದಾರರದ್ದು. ಅವರಲ್ಲಿ ಅನೇಕರು ಇಂಗ್ಲೆಂಡಿನಲ್ಲೇ ಕೂತು ಗೇಣಿ ತಿನ್ನುತ್ತಿದ್ದರು. ಗೇಣಿದಾರನ ಕೈಗೆ ಬರುತ್ತಿದ್ದದ್ದು ತುಂಡು ಭೂಮಿ. ಕೂಲಿಯವನಿಗೆ ಅದೂ ಇಲ್ಲ, ಒಂದು ಬೆಳೆಗೆ ಅಂತ ಅಂಗೈಯಗಲ ಜಾಗ ಬಾಡಿಗೆಗೆ. ಅಷ್ಟು ಜಾಗದಲ್ಲಿ ಒಂದು ಸಂಸಾರದ ಹೊಟ್ಟೆ ತುಂಬಿಸೋ ಬೆಳೆ ಬೇರೆ ಯಾವುದೂ ಇರಲಿಲ್ಲ.

ನಾನು ಕಾಮರ್ಸ್ ಓದಿದವಳು, ಲೆಕ್ಕದ ಪುಸ್ತಕದ ಹಾಗೇ ಹೇಳ್ತೀನಿ. ಮನೆಯವರು ಓಟ್ಸ್ ಬೆಳೀತಾರೆ, ಹಂದಿ ಸಾಕ್ತಾರೆ, ಬೆಣ್ಣೆ ತೆಗೀತಾರೆ. ಇದೆಲ್ಲ ಹೋಗೋದು ಗೇಣಿ ಖಾತೆಗೆ. ಮನೆ ಖಾತೆಗೆ ಉಳಿಯೋದು ಆಲೂಗಡ್ಡೆ, ಬೆಣ್ಣೆ ತೆಗೆದ ಮೇಲಿನ ಮಜ್ಜಿಗೆ, ಉಪ್ಪು.

ನಮಗೆ ಆಲೂಗಡ್ಡೆ ಅಂದರೆ ಪಲ್ಯ, ಸಾಗು, ಬೋಂಡ. ನಾಲ್ಕು ಜನರ ಮನೆಗೆ ವಾರಕ್ಕೆ ಎರಡು ಕೆಜಿ ತಂದರೆ ಹೆಚ್ಚಾಯ್ತು. ಐರ್ಲೆಂಡಿನಲ್ಲಿ ದುಡಿಯೋ ಗಂಡಾಳು ದಿನಕ್ಕೆ ಆರು ಕೆಜಿ ತನಕ ತಿನ್ನುತ್ತಿದ್ದ. ಹೌದು, ದಿನಕ್ಕೆ, ಒಬ್ಬ. ಅವನಿಗೆ ಮುದ್ದೆಯೂ ಅದೇ, ಅನ್ನವೂ ಅದೇ, ಪಲ್ಯವೂ ಅದೇ.

ಇದು ಕೆಟ್ಟ ಊಟ ಅಂತ ಅಂದುಕೊಳ್ಳಬೇಡಿ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 85 ಕ್ಯಾಲೊರಿ, 2 ಗ್ರಾಂ ಪ್ರೊಟೀನ್. ಜೊತೆಗೆ ಪೊಟ್ಯಾಸಿಯಂ, ವಿಟಮಿನ್ ಸಿ. ಆರು ಕೆಜಿಗೆ ಲೆಕ್ಕ ಹಾಕಿದರೆ 5,000 ಕ್ಯಾಲೊರಿ, 120 ಗ್ರಾಂ ಪ್ರೊಟೀನ್. ಕಡಿಮೆ ಬೀಳೋದನ್ನು ಮಜ್ಜಿಗೆ ತುಂಬುತ್ತಿತ್ತು. ಬರೀ ಬ್ರೆಡ್ ತಿಂದು ಬದುಕೋ ಎಷ್ಟೋ ಬಡವರಿಗಿಂತ ಇವರ ಊಟ ಚೆನ್ನಾಗಿತ್ತು. ಜನಸಂಖ್ಯೆಯೂ ಏರಿತು. 1841ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿ ಸುಮಾರು 82 ಲಕ್ಷ ಜನ. ಅವರಲ್ಲಿ ಸುಮಾರು 30 ಲಕ್ಷ ಜನಕ್ಕೆ ಆಲೂಗಡ್ಡೆ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಆಹಾರ ಇರಲಿಲ್ಲ.

ಆ 30 ಲಕ್ಷದ ಬಹುಪಾಲು ತಿನ್ನುತ್ತಿದ್ದದ್ದು ಒಂದೇ ತಳಿ, ಹೆಸರು ಲಂಪರ್. ರುಚಿ ಸಾಧಾರಣ, ಇಳುವರಿ ಜೋರು, ಬಡ ಮಣ್ಣಲ್ಲೂ ಬರುತ್ತೆ. ಆಲೂಗಡ್ಡೆ ನೆಡೋದು ಬೀಜದಿಂದಲ್ಲ, ಕಣ್ಣು ಇರೋ ಗಡ್ಡೆಯ ತುಂಡಿನಿಂದ. ಹಾಗಾಗಿ ಹೊಲದ ಪ್ರತಿ ಗಿಡವೂ ತಾಯಿಗಿಡದ ತದ್ರೂಪ. ಒಂದಕ್ಕೆ ತಗಲೋ ರೋಗ ಎಲ್ಲಕ್ಕೂ ತಗಲುತ್ತೆ, ತಡೆದುಕೊಳ್ಳೋ ಅಣ್ಣತಮ್ಮಂದಿರು ಯಾರೂ ಇಲ್ಲ.

1845ರ ಬೇಸಿಗೆಯಲ್ಲಿ ರೋಗ ಬೆಲ್ಜಿಯಂನಲ್ಲಿ ಕಾಣಿಸಿತು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡಿತ್ತು. ಸೆಪ್ಟೆಂಬರ್ ಹೊತ್ತಿಗೆ ಐರ್ಲೆಂಡ್. ಆ ವರ್ಷ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳೆ ಹೋಯಿತು. 1846ರಲ್ಲಿ ಬಹುತೇಕ ಎಲ್ಲಾ ಹೋಯಿತು. 1847ರಲ್ಲಿ ರೋಗ ಕಡಿಮೆ ಇತ್ತು, ಆದರೆ ನೆಡೋಕೆ ಗಡ್ಡೆಯೇ ಇರಲಿಲ್ಲ, ಬಿತ್ತನೆಗೆ ಇಟ್ಟಿದ್ದನ್ನೂ ಜನ ತಿಂದಿದ್ದರು. 1848ರಲ್ಲಿ ಮತ್ತೆ ರೋಗ.

ಏನು ರೋಗ ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅಂದವರಿದ್ದರು, ದೇವರ ಶಿಕ್ಷೆ ಅಂದವರಿದ್ದರು. 1846ರಲ್ಲಿ ಮೈಲ್ಸ್ ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿ, ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದವರು, ಎಲೆ ಮೇಲಿನ ಬೂಷ್ಟೇ ರೋಗದ ಕಾರಣ ಅಂತ ಬರೆದರು. ಹೆಚ್ಚಿನವರು ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಮುಂದೆ ಅವರೇ ಇಟ್ಟ ಹೆಸರು ಫೈಟಾಫ್ತೊರಾ, ಅಂದರೆ ಗಿಡ ನಾಶ ಮಾಡೋದು. ಮಲೆನಾಡಿನವರು ಈ ಸಂಸಾರವನ್ನು ಚೆನ್ನಾಗಿ ಬಲ್ಲರು. ಅಡಿಕೆಗೆ ಕೊಳೆರೋಗ ತರೋದೂ ಇದರ ದಾಯಾದಿಯೇ. ಬೋರ್ಡೋ ದ್ರಾವಣ ಹೊಡೀತೀರಲ್ಲ, ಆ ಮದ್ದು ಸಿಕ್ಕಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಐರ್ಲೆಂಡಿಗೆ ಅದು 40 ವರ್ಷ ತಡ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಎಲ್ಲಾ ತಪ್ಪೂ ರೋಗಾಣುವಿನದ್ದು ಅನ್ನಿಸುತ್ತೆ. ನಿಲ್ಲಿಸೋ ಹಾಗಿಲ್ಲ. ಅದೇ ರೋಗ ಅದೇ ವರ್ಷ ಬೆಲ್ಜಿಯಂ, ಹಾಲೆಂಡ್, ಜರ್ಮನ್ ರಾಜ್ಯಗಳಿಗೂ ಬಂತು. ಅಲ್ಲೂ ಜನ ಸತ್ತರು, ಆದರೆ ಐರ್ಲೆಂಡಿನಲ್ಲಿ ಆದ ಸಾವಿನ ಪ್ರಮಾಣ ಎಲ್ಲೂ ಇಲ್ಲ.

ಬಿ.ಕಾಂ. ಮೊದಲ ವರ್ಷ ಎಕನಾಮಿಕ್ಸ್‌ನಲ್ಲಿ ನಮಗೆ ಒಂದು ವ್ಯಾಖ್ಯೆ ಬಾಯಿಪಾಠ ಮಾಡಿಸಿದ್ದರು. ಬೇಡಿಕೆ ಅಂದರೆ ಬರೀ ಆಸೆಯಲ್ಲ, ಕೊಳ್ಳೋ ಶಕ್ತಿ ಇರೋ ಆಸೆ. ಎರಡು ಅಂಕದ ಪ್ರಶ್ನೆ, ಬರೆದು ಮರೆತಿದ್ದೆ. ಐರ್ಲೆಂಡಿನ ಬಗ್ಗೆ ಓದುವಾಗ ಅದೇ ವಾಕ್ಯ ಎದ್ದು ಬಂದು ಎದೆಗೆ ಒದ್ದ ಹಾಗಾಯ್ತು. ಆ ವ್ಯಾಖ್ಯೆಯ ಪ್ರಕಾರ, ಹಸಿದು ಸಾಯ್ತಿರೋ, ಕೈಯಲ್ಲಿ ಕಾಸಿಲ್ಲದ ಮನುಷ್ಯನಿಗೆ ಅನ್ನದ ಬೇಡಿಕೆ ಸೊನ್ನೆ. ಮಾರುಕಟ್ಟೆಗೆ ಅವನು ಕಾಣಿಸೋದೇ ಇಲ್ಲ.

ಹಾಗಾಗಿಯೇ 1846ರಲ್ಲಿ ಬೆಳೆ ಪೂರ್ತಿ ಹೋದ ಮೇಲೂ ಐರ್ಲೆಂಡಿನ ಬಂದರುಗಳಿಂದ ಓಟ್ಸ್, ಬೆಣ್ಣೆ, ದನ, ಹಂದಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಕೊಳ್ಳೋರು ಅಲ್ಲಿದ್ದರು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: 1847ರಲ್ಲಿ ಹೊರಗೆ ಹೋದ ಧಾನ್ಯಕ್ಕಿಂತ ಒಳಗೆ ಬಂದ ಧಾನ್ಯವೇ ಹೆಚ್ಚು. ಆದರೆ ಅದು ಬರೋ ಹೊತ್ತಿಗೆ ಒಂದು ಚಳಿಗಾಲ ಕಳೆದಿತ್ತು, ಬಂದದ್ದನ್ನು ಕೊಳ್ಳೋ ದುಡ್ಡೂ ಬಡವರ ಹತ್ತಿರ ಇರಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಅಂತಲೂ ಅಲ್ಲ. ಪ್ರಧಾನಿ ರಾಬರ್ಟ್ ಪೀಲ್ ಮೊದಲ ವರ್ಷವೇ ಅಮೆರಿಕದಿಂದ 1 ಲಕ್ಷ ಪೌಂಡ್ ಬೆಲೆಯ ಮುಸುಕಿನ ಜೋಳ ತರಿಸಿದರು. ಗಟ್ಟಿ ಕಾಳು, ಬೀಸೋ ಗಿರಣಿ ಸಾಲದು, ಬೇಯಿಸೋದು ಜನಕ್ಕೆ ಗೊತ್ತಿಲ್ಲ. ತಿಂದವರಿಗೆ ಹೊಟ್ಟೆ ಕೆಟ್ಟಿತು. ಆಲೂಗಡ್ಡೆಯ ಜಾಗಕ್ಕೆ ಜೋಳ ಬಂದ ಮೇಲೆ ಇನ್ನೊಂದು ಕಾಯಿಲೆ ಕಾಣಿಸಿತು: ಒಸಡಿನಲ್ಲಿ ರಕ್ತ, ಕಾಲಲ್ಲಿ ಕಪ್ಪು ಕಲೆ. ಅದು ಸ್ಕರ್ವಿ. ವಿಟಮಿನ್ ಸಿ ಕೊಡುತ್ತಿದ್ದ ಒಂದೇ ತರಕಾರಿ ತಟ್ಟೆಯಿಂದ ಹೋಗಿತ್ತು.

ಪೀಲ್ ಸರ್ಕಾರ 1846ರಲ್ಲಿ ಬಿದ್ದಿತು. ಹೊಸ ಸರ್ಕಾರದ ನಂಬಿಕೆ ಏನಂದ್ರೆ, ಮಾರುಕಟ್ಟೆಗೆ ಕೈ ಹಾಕಬಾರದು, ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗ್ತಾರೆ. ಅದಕ್ಕೆ ಊಟದ ಬದಲು ಕೆಲಸ ಕೊಟ್ಟರು. 1847ರ ಮಾರ್ಚ್‌ನಲ್ಲಿ 7 ಲಕ್ಷ ಜನ ರಸ್ತೆ ಕೆಲಸದಲ್ಲಿ ಕಲ್ಲು ಒಡೀತಿದ್ದರು. ಹಸಿದ ದೇಹ, ಚಳಿ, ಕಲ್ಲು. ಕೂಲಿಗಿಂತ ವೇಗವಾಗಿ ಧಾನ್ಯದ ಬೆಲೆ ಏರುತ್ತಿತ್ತು. ಆಮೇಲೆ ಬುದ್ಧಿ ಬಂದು ಗಂಜಿ ಕೇಂದ್ರ ತೆರೆದರು. ಆ ಜುಲೈನಲ್ಲಿ ದಿನಕ್ಕೆ 30 ಲಕ್ಷ ಜನಕ್ಕೆ ಊಟ ಹಾಕಿದರು. ಯೋಚಿಸಿ, 1847ರಲ್ಲಿ, 30 ಲಕ್ಷ. ಅಂದರೆ ಮಾಡೋಕೆ ಆಗುತ್ತಿತ್ತು. ಶರತ್ಕಾಲಕ್ಕೆ ಮುಚ್ಚಿಬಿಟ್ಟರು. ಖರ್ಚು ಐರ್ಲೆಂಡಿನ ಸ್ಥಳೀಯ ತೆರಿಗೆಯ ಮೇಲೆ ಬೀಳಲಿ ಅಂದರು. ಜೊತೆಗೆ ಒಂದು ಷರತ್ತು: ಕಾಲು ಎಕರೆಗಿಂತ ಹೆಚ್ಚು ಭೂಮಿ ಇಟ್ಟುಕೊಂಡವನಿಗೆ ನೆರವಿಲ್ಲ. ಗಂಜಿ ಬೇಕಾದರೆ ಭೂಮಿ ಬಿಡಬೇಕು. ಅಷ್ಟರಲ್ಲಿ ಟೈಫಸ್ ಜ್ವರ, ಆಮಶಂಕೆ ಹಬ್ಬಿದ್ದವು. ಹಸಿವಿಗಿಂತ ಹೆಚ್ಚು ಜನರನ್ನು ಕೊಂದದ್ದು ಆ ಕಾಯಿಲೆಗಳೇ, ಹಸಿದ ಮೈಗೆ ಅವು ಸುಲಭವಾಗಿ ಹತ್ತಿದವು.

1851ರ ಜನಗಣತಿ ಹೊತ್ತಿಗೆ 82 ಲಕ್ಷ ಇದ್ದ ಜನ 65 ಲಕ್ಷಕ್ಕೆ ಇಳಿದಿದ್ದರು. 10 ಲಕ್ಷದಷ್ಟು ಸಾವು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಊರು ಬಿಟ್ಟರು. ಇವತ್ತಿಗೂ ಇಡೀ ಐರ್ಲೆಂಡ್ ದ್ವೀಪದ ಜನಸಂಖ್ಯೆ 1841ರ ಅಂಕಿ ಮುಟ್ಟಿಲ್ಲ.

ಈ ಪರಿಹಾರದ ಲೆಕ್ಕವೆಲ್ಲ ನೋಡಿಕೊಂಡ ಅಧಿಕಾರಿಯ ಹೆಸರು ಚಾರ್ಲ್ಸ್ ಟ್ರೆವೆಲ್ಯನ್, ಲಂಡನ್ನಿನ ಖಜಾನೆಯವರು. ಬರಗಾಲದಲ್ಲಿ ದೇವರ ಕೈ ಕಂಡವರು. ಇವರು ಮುಂದೆ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ನಮ್ಮ ಕಡೆಗೇ ಬಂದರು. 1876ರಲ್ಲಿ ಮಳೆ ಹೋಗಿ ಮೈಸೂರು ಸೀಮೆಗೆ ಬರ ಬಂದಾಗ ಟ್ರೆವೆಲ್ಯನ್ ಇರಲಿಲ್ಲ, ಆದರೆ ಅವರ ಕಾಲದ ನಂಬಿಕೆ ಇತ್ತು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರಲ್ಲಿ 50 ಲಕ್ಷ ಇದ್ದ ಮೈಸೂರಿನ ಜನ 1881ರಲ್ಲಿ ಸುಮಾರು 42 ಲಕ್ಷ. ನಮ್ಮದು ಆಲೂಗಡ್ಡೆ ತಿನ್ನೋ ನಾಡಲ್ಲ, ರಾಗಿ ತಿನ್ನೋ ನಾಡು. ಆದರೂ ಅದೇ ಲೆಕ್ಕ: ಬೆಳೆ ಹೋದರೆ ಕೂಲಿ ಹೋಗುತ್ತೆ, ಕೂಲಿ ಹೋದರೆ ಸಂತೆಯಲ್ಲಿರೋ ಧಾನ್ಯವೂ ಸಿಗಲ್ಲ.

ಕತ್ತಲೆ ಕಥೆಯಲ್ಲಿ ಒಂದು ಬೆಳಕು ಹೇಳಿಬಿಡ್ತೀನಿ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಐರ್ಲೆಂಡಿಗೆ ಅಂತ ಹಣ ಸೇರಿಸಿ ಕಳಿಸಿದರು. ಅವರನ್ನೇ ಹದಿನೈದು ವರ್ಷದ ಹಿಂದಷ್ಟೇ ಸ್ವಂತ ನೆಲದಿಂದ ಎಬ್ಬಿಸಿ ಓಡಿಸಿದ್ದರು, ದಾರಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಹಸಿವು ಏನು ಅಂತ ಅವರಿಗೆ ಗೊತ್ತಿತ್ತು. ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಅವರ ನೆನಪಿಗೆ ಉಕ್ಕಿನ ಗರಿಗಳ ಒಂದು ಶಿಲ್ಪ ಇದೆ. 2020ರಲ್ಲಿ ಕೋವಿಡ್ ಬಂದಾಗ ಐರ್ಲೆಂಡಿನ ಸಾವಿರಾರು ಜನ ಆ ಋಣ ನೆನೆದು ಅಮೆರಿಕದ ನವಾಹೊ, ಹೋಪಿ ಬುಡಕಟ್ಟುಗಳಿಗೆ ಹಣ ಕಳಿಸಿದರು.

ಈಗ ವಾಪಸ್ ನಮ್ಮೂರಿಗೆ. ಕರಾವಳಿಯವರು ಬಟಾಟೆ ಅಂತೀರಿ, ಅದು ಪೋರ್ಚುಗೀಸರ ಬಾಯಿಂದ ಬಂದ ಹೆಸರು. ಬೆಂಗಳೂರು, ಕೋಲಾರದ ಕಡೆ ಉರುಳಗಡ್ಡೆ. ನಮಗೆ ಆಲೂಗಡ್ಡೆ. ಹಾಸನದಲ್ಲಿ ಅದನ್ನು ಮುಂಗಾರಿಗೆ ನೆಡ್ತಾರೆ, ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತೆ. ಹೆಚ್ಚಿನ ಹೊಲದಲ್ಲಿ ಒಂದೇ ತಳಿ, ಕುಫ್ರಿ ಜ್ಯೋತಿ. ಶಿಮ್ಲಾ ಪಕ್ಕದ ಕುಫ್ರಿ ಅನ್ನೋ ಊರಿನ ಹೆಸರು. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿ ತಡೆಯೋ ತಳಿ ಅಂತಲೇ ಅದಕ್ಕೆ ಹೆಸರು. ವರ್ಷಗಳು ಕಳೆದ ಹಾಗೆ ರೋಗಾಣು ಆ ತಡೆಯನ್ನು ಮುರೀತು. ಒಂದೇ ತಳಿ, ದೂರದ ಬೀಜ, ಜಿಟಿಜಿಟಿ ಮಳೆ. ಐರ್ಲೆಂಡಿನ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ಅಷ್ಟೇನೂ ದೂರವಿರಲಿಲ್ಲ.

ವ್ಯತ್ಯಾಸ ಇದ್ದದ್ದು ಮನೆಯೊಳಗೆ. ಈ ಸಂಚಿಕೆಗೆ ಅಂತ ಮೊನ್ನೆ ದೊಡ್ಡಪ್ಪನಿಗೆ ಫೋನ್ ಮಾಡಿದ್ದೆ. ಅವರೀಗ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಬಂದಿದ್ದಾರೆ. ನಮ್ಮ ಕಡೆ ತುಂಬಾ ಜನ ಹಾಗೇ, ಇಲ್ಲಾ ಶುಂಠಿ. "ಇದೂ ಒಂದೇ ಬೆಳೆ ತಾನೇ ದೊಡ್ಡಪ್ಪ?" ಅಂದೆ. ನಕ್ಕರು. "ನಿಮ್ಮಜ್ಜಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡ್ತಿದ್ಲು ಕಣವ್ವ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ರಾಗಿ ಹೋದ್ರೆ ಅವರೆ, ಅವರೆ ಹೋದ್ರೆ ತೊಗರಿ. ಈಗ ಅಷ್ಟು ಸಾಲು ಕೊಯ್ಯೋಕೆ ಆಳೆಲ್ಲಿ? ಮಾರೋಕೆ ಹೋದ್ರೆ ಎರಡು ಸೇರು ಅವರೆಗೆ ಯಾರು ಲಾರಿ ತರ್ತಾರೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಂಡಿಸ್‌ನ ರೈತರದ್ದೂ ನಮ್ಮಜ್ಜಿಯದ್ದೂ ಒಂದೇ ಲೆಕ್ಕ ಆಗಿತ್ತು, ಅದು ನನಗೆ ಅರ್ಥ ಆಗಿದೆ. ಆದರೆ ಆ ಲೆಕ್ಕ ಹಾಕೋಕೆ ಕೈಯಲ್ಲಿ ಸ್ವಲ್ಪ ಭೂಮಿ, ಸ್ವಲ್ಪ ಆಯ್ಕೆ ಬೇಕು. ಐರಿಷ್ ಕೂಲಿಯವನಿಗೆ ಅದು ಇರಲಿಲ್ಲ, ಅವನನ್ನು ಮೂರ್ಖ ಅಂತ ಬೈಯೋ ಹಾಗಿಲ್ಲ. ದೊಡ್ಡಪ್ಪನಿಗೂ ಅದು ವರ್ಷ ವರ್ಷ ಕಡಿಮೆ ಆಗ್ತಿದೆ.

ನಿಮ್ಮ ಮನೆಯಲ್ಲಿ ಅಜ್ಜಿ ಮಾಡ್ತಿದ್ದ, ಈಗ ಯಾರೂ ಮಾಡದ ಒಂದು ಸೊಪ್ಪೋ ಕಾಯಿಯೋ ಗಡ್ಡೆಯೋ ಖಂಡಿತ ಇರುತ್ತೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅದರ ಹೆಸರು ಕೇಳಿ. ಅದು ಯಾವಾಗ ನಿಂತಿತು, ಯಾಕೆ ನಿಂತಿತು ಅಂತಲೂ ಕೇಳಿ. ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯನ್ನು ಅವುಗಳಿಂದಲೇ ಶುರು ಮಾಡ್ತೀನಿ.

ಅಲ್ಲಿಯವರೆಗೆ, ನಮಸ್ಕಾರ.